ಮೋರಿಬೆಟ್ಟ, ಹೊನ್ನಮ್ಮನ ಕೆರೆ, ಮುಳ್ಳೂರು: ಸೋಮವಾರಪೇಟೆ ಕಡೆ ಹೋಗುವವರಿಗೆ

ಕೊಡಗು ಅಂದ್ರೆ ರಾಜಾಸೀಟು, ಅಬ್ಬಿ, ದುಬಾರೆ ಅಷ್ಟೇ ಅಂದುಕೊಂಡವರು ಸೋಮವಾರಪೇಟೆ ಕಡೆ ತಿರುಗಿಯೂ ನೋಡುವುದಿಲ್ಲ. ಹಳೇ ಕಲ್ಲು, ಹಳೇ ದೇವರ ಜಾಗ ಇಷ್ಟ ಇದ್ದರೆ ಮಾತ್ರ ಮುಂದೆ ಓದಿ. ಇಲ್ಲದಿದ್ದರೆ ಸುಮ್ನೆ ಪೆಟ್ರೋಲ್ ದಂಡ.

ಮಡಿಕೇರಿಯಿಂದ ಸೋಮವಾರಪೇಟೆಗೆ ಸುಮಾರು 40 ಕಿ.ಮೀ. ಅಲ್ಲಿಂದ ಶನಿವಾರಸಂತೆ ರಸ್ತೆಯಲ್ಲಿ ಸ್ವಲ್ಪ ಹೋದರೆ ದೊಡ್ಡಮಳ್ತೆ. ಹಳೇ ಕಾಲದ ಕಲ್ಲಿನ ಕೋಣೆಗಳಿರುವ ಮೋರಿಬೆಟ್ಟ ಇರುವುದು ಇಲ್ಲೇ. ಮ್ಯಾಪ್ ನಂಬಿಕೊಂಡು ತೋಟದ ದಾರಿಗೆಲ್ಲ ಕಾರು ನುಗ್ಗಿಸಬೇಡಿ, ಊರಿನಲ್ಲೇ ನಿಲ್ಲಿಸಿ ಕೇಳಿ. 'ಪಾಂಡವರ ಮನೆ ಎಲ್ಲಿ?' ಅಂದರೂ ತೋರಿಸುತ್ತಾರೆ, ಯಾಕಂದ್ರೆ ವನವಾಸದಲ್ಲಿ ಪಾಂಡವರು ಇದ್ದ ಜಾಗ ಅಂತಲೇ ಇಂಥ ಕಲ್ಲುಗಳ ಬಗ್ಗೆ ಹೇಳುವುದು.

ನಿಜಕ್ಕೂ ಇವು ಸಮಾಧಿಗಳು. ಎರಡು ಸಾವಿರ ವರ್ಷಕ್ಕೂ ಹಳೆಯವು, ಕಬ್ಬಿಣ ಬಳಸಲು ಕಲಿತ ಕಾಲದ ಜನರದ್ದು. ಮೊದಲ ನೋಟಕ್ಕೆ 'ಇಷ್ಟೇನಾ' ಅನ್ನಿಸುತ್ತದೆ, ಅದಕ್ಕೇ ಏನು ನೋಡಬೇಕು ಅಂತ ಗೊತ್ತಿರಬೇಕು. ನಾಲ್ಕು ಚಪ್ಪಡಿ ನೆಟ್ಟಗೆ ನಿಲ್ಲಿಸಿ, ಮೇಲೆ ಇನ್ನೊಂದು ದೊಡ್ಡ ಚಪ್ಪಡಿ ಮುಚ್ಚಿ ಮಾಡಿದ ಕೋಣೆ ಇದು. ಎಷ್ಟೋ ಕಡೆ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿರುತ್ತಾರೆ. ಆ ಕಿಂಡಿಯ ಅಂಚನ್ನು ಹತ್ತಿರದಿಂದ ನೋಡಿ, ಇಡೀ ಕೆಲಸದಲ್ಲಿ ಕೈಚಳಕ ಕಾಣುವುದು ಅಲ್ಲೇ. ಕೆಲವು ಮಣ್ಣಲ್ಲಿ ಅರ್ಧ ಹೂತಿವೆ, ಕೆಲವು ಬಿದ್ದಿವೆ. 19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಗಳು ಕೊಡಗಿನಲ್ಲಿ ಇಂಥವನ್ನು ಅಗೆಸಿದಾಗ ಸಿಕ್ಕಿದ್ದು ಮಡಕೆ, ಕಬ್ಬಿಣದ ತುಂಡು, ಮಣಿಗಳು. ಆದ್ರೂ ನಿಧಿ ಆಸೆಗೆ ಕಲ್ಲು ಕೀಳುವವರು ಇದ್ದೇ ಇದ್ದಾರೆ, ಇವರಿಗೆ ಯಾರು ಬುದ್ಧಿ ಹೇಳುವುದು? ಫೋಟೋಗೆ ಅಂತ ನೀವೂ ಮೇಲಿನ ಚಪ್ಪಡಿ ಹತ್ತಬೇಡಿ.

ಹೊನ್ನಮ್ಮನ ಕೆರೆಯೂ ದೊಡ್ಡಮಳ್ತೆಯಲ್ಲೇ. ಕೆರೆಗೆ ನೀರು ಬರಲಿ ಅಂತ ತನ್ನನ್ನೇ ಬಲಿ ಕೊಟ್ಟ ಹೊನ್ನಮ್ಮನ ಕತೆ ಊರವರ ಬಾಯಲ್ಲೇ ಕೇಳಿ, ಬೋರ್ಡು ಓದಿದರೆ ಸಪ್ಪೆ. ಗೌರಿ ಹಬ್ಬಕ್ಕೆ ಇಲ್ಲಿ ಬಾಗಿನ ಬಿಡುತ್ತಾರೆ. ಜನರ ನಡುವೆ ಪೂಜೆ ನೋಡಬೇಕು ಅಂದರೆ ಆ ದಿನವೇ ಬನ್ನಿ, ನೆಮ್ಮದಿಯಾಗಿ ಕೂರಬೇಕು ಅಂದರೆ ಆ ದಿನ ಬಿಟ್ಟು ಬನ್ನಿ. ಪಕ್ಕದ ಗವಿಬೆಟ್ಟ ಹತ್ತುವುದಾದರೆ ಬಿಸಿಲು ಏರುವ ಮುಂಚೆ ಹತ್ತಿ.

ಮಧ್ಯಾಹ್ನದ ಮೇಲೆ ಶನಿವಾರಸಂತೆ ಹತ್ತಿರದ ಮುಳ್ಳೂರು. ಈ ಭಾಗ ಆಳಿದ ಕೊಂಗಾಳ್ವ ಅರಸರ ಕಾಲದ, 11ನೇ ಶತಮಾನದ ಜೈನ ಬಸದಿಗಳು ಇಲ್ಲಿವೆ. ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ, ಮೂರೂ ಒಟ್ಟಿಗೇ. ಬೇಲೂರಿನ ಕೆತ್ತನೆ ನೆನೆಸಿಕೊಂಡು ಹೋದರೆ ನಿರಾಸೆ ಆಗುತ್ತದೆ. ಆದ್ರೆ ನನಗೆ ಈ ಸಾದಾ ಗೋಡೆಗಳೇ ಜಾಸ್ತಿ ಹಿಡಿಸಿದವು. ಶಾಸನಗಳನ್ನು ಮರೆಯದೆ ನೋಡಿ, ಇಳಿಬಿಸಿಲಲ್ಲಿ ಅಕ್ಷರ ಚೆನ್ನಾಗಿ ಕಾಣುತ್ತವೆ.

ದಾರಿಯಲ್ಲಿ ಎಲ್ಲಾದರೂ ದೇವರಕಾಡು, ಅಂದ್ರೆ ದೇವರ ಹೆಸರಲ್ಲಿ ಊರವರು ಕಾಪಾಡಿಕೊಂಡು ಬಂದ ಕಾಡು ಕಂಡರೆ ಹಾಗೇ ಒಳಗೆ ಹೋಗಬೇಡಿ. ಕೊಡಗಿನಲ್ಲಿ ಇಂಥವು ಸಾವಿರಕ್ಕೂ ಜಾಸ್ತಿ ಇವೆ, ಒಂದೊಂದರ ಕಟ್ಟುಪಾಡೂ ಬೇರೆ. ಕೆಲವು ಕಡೆ ಅಯ್ಯಪ್ಪನಿಗೆ ಹರಕೆ ಒಪ್ಪಿಸಿದ ಮಣ್ಣಿನ ನಾಯಿಗಳು ಸಾಲಾಗಿ ಇರುತ್ತವೆ, ಚೆಂದ ಅಂತ ಒಂದನ್ನು ಬ್ಯಾಗಿಗೆ ಹಾಕಿಕೊಂಡು ಬರುವ ಜಾಗ ಅಲ್ಲ ಅದು. ಊರವರನ್ನು ಕೇಳಿ, ಬೇಡ ಅಂದರೆ ರಸ್ತೆಯಿಂದಲೇ ಕೈ ಮುಗಿದು ಹೊರಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಲ್ಲುಗಳಿಗೋಸ್ಕರ ಬರಬೇಡಿ. ಮಳೆಯನ್ನಾದರೂ ತಡೆಯಬಹುದು, ಜಿಗಣೆ ಬಿಡುವುದಿಲ್ಲ, ಕುರುಚಲು ಬೆಳೆದು ಕಲ್ಲೂ ಕಾಣುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿ ಒಳ್ಳೇದು. ಕೊಡಗಿಗೆ ರೈಲು ಇಲ್ಲ, ಮೈಸೂರು ಅಥವಾ ಹಾಸನಕ್ಕೆ ಬಂದು ಬಸ್ಸು ಹಿಡಿಯಬೇಕು. ಸೋಮವಾರಪೇಟೆಯಲ್ಲಿ ಆಟೋ ಗೊತ್ತು ಮಾಡಿಕೊಳ್ಳುವುದಾದರೆ ಕಾಯುವುದಕ್ಕೂ ಸೇರಿಸಿ ಬಾಡಿಗೆ ಮಾತಾಡಿಕೊಳ್ಳಿ. ಊಟ, ನೀರು ಎಲ್ಲಾ ಪೇಟೆಯಲ್ಲೇ ಮುಗಿಸಿಕೊಂಡು ಹೊರಡಿ.