ಸರಿಯುವ ನಕ್ಷೆಯ ಮೇಲೆ ಕ್ರಾಸ್‌ಹೇರ್

ಕ್ರಾಸ್‌ಹೇರ್ ಎಂದರೆ ಒಂದು ಬಿಂದುವನ್ನು ತೋರಿಸಲು ಅಡ್ಡಕ್ಕೂ ಉದ್ದಕ್ಕೂ ಎಳೆದ ಗೆರೆಗಳ ಗುರುತು. ಎರಡು ಗೆರೆ ಎಳೆಯುವ ಕೆಲಸ, ಮಧ್ಯಾಹ್ನದೊಳಗೆ ಮುಗಿಯಬೇಕು. ಅಲ್ಲಾಡದ ನಕ್ಷೆಯಾದರೆ ಮುಗಿಯುತ್ತದೆ ಕೂಡ. 4000 × 3000 ಪಿಕ್ಸೆಲ್‌ಗಳ ನಕ್ಷೆಯನ್ನು 800 × 600ರ ಕಿಟಕಿಯಲ್ಲಿಟ್ಟು, ಕ್ಲಿಕ್ ಮಾಡಿದ ಕಡೆ ಗುರುತು ಹಾಕಲು ಹೊರಟರೆ ಮಾತ್ರ ಸಂಜೆಯಾಗುತ್ತದೆ. ಮೊದಲ ಕ್ಲಿಕ್ ಸರಿಯಾಗಿಯೇ ಕೂರುತ್ತದೆ, ಏಕೆಂದರೆ ಸ್ಕ್ರಾಲ್, ಅಂದರೆ ನಕ್ಷೆ ಸರಿದ ದೂರ, ಇನ್ನೂ ಸೊನ್ನೆಯಲ್ಲಿದೆ. ಸ್ವಲ್ಪ ಸರಿಸಿ ಮತ್ತೆ ಒತ್ತಿದರೆ ಗುರುತು ಎಡಕ್ಕೋ ಮೇಲಕ್ಕೋ ಜಾರಿರುತ್ತದೆ, ಇಲ್ಲವೇ ಕಾಣುವುದೇ ಇಲ್ಲ.

ಕೋಡ್ ಮುಟ್ಟುವ ಮೊದಲೇ ತೀರ್ಮಾನವಾಗಬೇಕಾದದ್ದು ಒಂದೇ: ಗುರುತು ನಕ್ಷೆಯದೋ, ಕಿಟಕಿಯದೋ? ಒಂದು ಜಾಗವನ್ನು ತೋರಿಸುವ ಗುರುತು ನಕ್ಷೆಯದು. ನಕ್ಷೆ ಸರಿದರೆ ಅದೂ ಸರಿಯಬೇಕು. ಮೌಸ್ ಜೊತೆ ಓಡುವ ಅಥವಾ ಪರದೆಯ ನಡುವೆ ನಿಲ್ಲುವ ಗುರುತು ಕಿಟಕಿಯದು. ಎರಡನ್ನೂ ಒಂದೇ ಕೋಡಿನಲ್ಲಿ ಸಂಭಾಳಿಸಲು ಹೋದಾಗಲೇ ಅರ್ಧ ತೊಂದರೆ ಶುರು.

ನಕ್ಷೆಯ ಗುರುತಿಗೆ ಲೆಕ್ಕ ಸರಳ. ಸ್ಕ್ರಾಲ್ (1200, 900) ಇದ್ದಾಗ ಕಿಟಕಿಯ (500, 300)ರಲ್ಲಿ ಕ್ಲಿಕ್ ಮಾಡಿದರೆ ನಕ್ಷೆಯಲ್ಲಿ ಅದು (1700, 1200). ಉಳಿಸಿಡಬೇಕಾದದ್ದು ಇದನ್ನೇ, ಕಿಟಕಿಯ ಸ್ಥಾನವನ್ನಲ್ಲ. ಝೂಮ್ ಇದ್ದರೆ ಕೂಡಿಸಿದ ಮೇಲೆ ಝೂಮ್‌ನಿಂದ ಭಾಗಿಸಿ. ಬಿಡಿಸುವಾಗ ಗುಣಿಸಿ, ಆಮೇಲೆ ಸ್ಕ್ರಾಲ್ ಕಳೆಯಿರಿ. ಪೈಥಾನ್‌ನ ಕಿಟಕಿ ಟೂಲ್‌ಕಿಟ್ ಟಿಕಿಂಟರ್‌ನಲ್ಲಿ ಮೌಸ್ ಕೊಡುವುದು ಕಿಟಕಿಯ ಸ್ಥಾನ, ಹಾಗಾಗಿ ಕ್ಯಾನ್ವಾಸ್‌ಎಕ್ಸ್, ಕ್ಯಾನ್ವಾಸ್‌ವೈ ಫಂಕ್ಷನ್‌ಗಳ ಮೂಲಕ ಹಾಯಿಸಲೇಬೇಕು. ಜಾವಾದ ಟೂಲ್‌ಕಿಟ್ ಸ್ವಿಂಗ್‌ನಲ್ಲಿ ಸ್ಕ್ರಾಲ್‌ಪೇನ್ ಒಳಗಿನ ಪ್ಯಾನೆಲ್‌ಗೇ ಲಿಸನರ್ (ಮೌಸ್ ಘಟನೆ ಕೇಳುವ ಕೋಡ್) ಕಟ್ಟಿದ್ದರೆ ಬರುವುದೇ ಪ್ಯಾನೆಲ್‌ನ ಸ್ಥಾನ. ಅಲ್ಲಿ ಮತ್ತೆ ಸ್ಕ್ರಾಲ್ ಕೂಡಿಸಿದರೆ ತಪ್ಪು ಈ ಬಾರಿ ಬಲಕ್ಕೆ, ಕೆಳಕ್ಕೆ ಜಾರುತ್ತದೆ. ಗುರುತು ಯಾವ ದಿಕ್ಕಿಗೆ ಜಾರಿದೆ ಎಂದು ನೋಡಿದರೆ ಕೂಡಿಸಲು ಮರೆತದ್ದೋ ಎರಡು ಸಲ ಕೂಡಿಸಿದ್ದೋ ಗೊತ್ತಾಗಿಬಿಡುತ್ತದೆ.

ಕಿಟಕಿಯ ಗುರುತಿನ ಕಾಟವೇ ಬೇರೆ. ಸ್ಕ್ರಾಲ್ ಮಾಡಿದಾಗ ಗೆರೆಗಳ ಬಾಲ ನಕ್ಷೆಯುದ್ದಕ್ಕೂ ಉಳಿಯುತ್ತದೆ. ವೇಗಕ್ಕಾಗಿ ಟೂಲ್‌ಕಿಟ್ ಎಲ್ಲವನ್ನೂ ಮತ್ತೆ ಬಿಡಿಸುವುದಿಲ್ಲ. ಪರದೆಯ ಮೇಲಿರುವ ಪಿಕ್ಸೆಲ್‌ಗಳನ್ನೇ ಎತ್ತಿ ಪಕ್ಕಕ್ಕಿಟ್ಟು, ಹೊಸದಾಗಿ ತೆರೆದ ಅಂಚನ್ನು ಮಾತ್ರ ತುಂಬುತ್ತದೆ. ಜೊತೆಗೆ ನಮ್ಮ ಗೆರೆಯನ್ನೂ ಎತ್ತಿಕೊಂಡು ಹೋಗುತ್ತದೆ. ಸ್ವಿಂಗ್‌ನ ವ್ಯೂಪೋರ್ಟ್ (ನಕ್ಷೆಯ ಕಾಣುವ ಭಾಗ) ಮೂಲತಃ ಹೀಗೆ ಪಿಕ್ಸೆಲ್ ಎತ್ತಿಡುವ ಬ್ಲಿಟ್ ವಿಧಾನದಲ್ಲಿರುತ್ತದೆ, ಅದನ್ನು ಎಲ್ಲವನ್ನೂ ಮತ್ತೆ ಬಿಡಿಸುವ ಸಿಂಪಲ್ ವಿಧಾನಕ್ಕೆ ಬದಲಿಸಿ. ಕ್ಯೂಟಿ (Qt) ಟೂಲ್‌ಕಿಟ್‌ನ ಗ್ರಾಫಿಕ್ಸ್‌ವ್ಯೂನಲ್ಲಿ ಎಲ್ಲದರ ಮೇಲೆ ಬಿಡಿಸುವ ಡ್ರಾಫೋರ್‌ಗ್ರೌಂಡ್ ಬಳಸಿದ್ದರೆ ಅಪ್‌ಡೇಟ್ ವಿಧಾನವನ್ನು ಫುಲ್ ವ್ಯೂಪೋರ್ಟ್‌ಗೆ ಇಡಿ. ತುಸು ನಿಧಾನವಾಗುತ್ತದೆ, ಆಗಲಿ. ಒಂದೇ ಗೆರೆಯನ್ನು ಎಕ್ಸ್‌ಓಆರ್‌ನಲ್ಲಿ (ಕೆಳಗಿನ ಬಣ್ಣವನ್ನು ತಿರುಗುಮುರುಗು ಮಾಡುವ ರೀತಿ) ಎರಡು ಬಾರಿ ಬಿಡಿಸಿ ಅಳಿಸುವ ಹಳೆಯ ಉಪಾಯವನ್ನು ಇಲ್ಲಿ ತರಲೇಬೇಡಿ: ಎರಡು ಸಲದ ನಡುವೆ ನಕ್ಷೆ ಒಂದು ಪಿಕ್ಸೆಲ್ ಸರಿದರೂ ಅಳಿಸಬೇಕಾದ ಗೆರೆ ಹೊಸದೊಂದನ್ನು ಹುಟ್ಟಿಸುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಮೌಸನ್ನು ಕದಲಿಸದೆ ಬರೀ ಚಕ್ರ ತಿರುಗಿಸಿದರೆ ಮೌಸ್‌ಮೂವ್ ಘಟನೆ ಬರುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ; ಆದರೆ ಕ್ರಾಸ್‌ಹೇರ್ ಕೆಳಗಿನ ಜಾಗ ಬದಲಾಗಿರುತ್ತದೆ. ಮೂಲೆಯಲ್ಲಿ ಸ್ಥಾನದ ಅಂಕಿ ತೋರಿಸುತ್ತಿದ್ದರೆ ಅದು ಹಳೆಯದೇ ಉಳಿಯುತ್ತದೆ. ಮೌಸ್‌ನ ಕೊನೆಯ ಕಿಟಕಿ ಸ್ಥಾನವನ್ನು ನೆನಪಿಟ್ಟುಕೊಂಡು, ಸ್ಕ್ರಾಲ್ ಆದಾಗಲೆಲ್ಲ ಲೆಕ್ಕ ಮತ್ತೆ ಹಾಕಿಸಿ. ಮೌಸ್ ಕಿಟಕಿಯಿಂದ ಹೊರಗೆ ಹೋದಾಗ ಗೆರೆಯನ್ನೂ ಮರೆಮಾಡಿ.

ಗೆರೆಯ ರೂಪಕ್ಕೆ ಬಂದರೆ, ನಡುವೆ 4-5 ಪಿಕ್ಸೆಲ್ ಖಾಲಿ ಬಿಡುವುದೇ ಸರಿ. ತೋರಿಸಬೇಕಾದ ಬಿಂದುವನ್ನೇ ಮುಚ್ಚುವ ಗುರುತು ಯಾರಿಗೆ ಬೇಕು? ಕಾಡು, ನೀರು, ರಸ್ತೆ ಎಲ್ಲದರ ಮೇಲೂ ಕಾಣುವ ಒಂದೇ ಬಣ್ಣ ಸಿಗುವುದಿಲ್ಲ. ಮೊದಲು 3 ಪಿಕ್ಸೆಲ್ ಬಿಳಿ, ಅದರ ಮೇಲೆ 1 ಪಿಕ್ಸೆಲ್ ಕಪ್ಪು ಎಳೆದರೆ ಸಾಕು. ತೋಳಿನ ಉದ್ದ ಪರದೆಯ ಪಿಕ್ಸೆಲ್‌ನಲ್ಲಿರಲಿ, ಝೂಮ್ ಜೊತೆ ಬೆಳೆಯಬಾರದು. ಕ್ಯೂಟಿಯಲ್ಲಿ ಇದಕ್ಕೆಂದೇ ಐಟಮ್‌ಇಗ್ನೋರ್ಸ್‌ಟ್ರಾನ್ಸ್‌ಫರ್ಮೇಷನ್ಸ್ ಎಂಬ ಆಯ್ಕೆ ಇದೆ. ಬ್ರೌಸರ್ ಕ್ಯಾನ್ವಾಸ್‌ನಲ್ಲಿ 1 ಪಿಕ್ಸೆಲ್ ಗೆರೆ ಮಸುಕಾಗಿ, ದಪ್ಪಗೆ ಕಂಡರೆ ಗಾಬರಿ ಬೇಡ. ಪೂರ್ಣಾಂಕ ಸ್ಥಾನ ಬೀಳುವುದು ಎರಡು ಪಿಕ್ಸೆಲ್‌ಗಳ ನಡುವಿನ ಅಂಚಿನ ಮೇಲೆ, 0.5 ಸೇರಿಸಿದರೆ ಗೆರೆ ಚೂಪಾಗುತ್ತದೆ.

ಚೌಕ ತುಂಡುಗಳನ್ನು ಜೋಡಿಸಿ ಮಾಡಿದ ಟೈಲ್ ನಕ್ಷೆಗಳಲ್ಲಿ ಮಾತ್ರ ಕಾಡುವ ಒಂದು ನಡುಕವಿದೆ. 256 ಪಿಕ್ಸೆಲ್ ಟೈಲ್‌ಗಳ ಲೆಕ್ಕದಲ್ಲಿ ಝೂಮ್ 16ರಲ್ಲಿ ಇಡೀ ಜಗತ್ತಿನ ಅಗಲ 1,67,77,216 ಪಿಕ್ಸೆಲ್, ಅಂದರೆ 2ರ 24ನೇ ಘಾತ. 32 ಬಿಟ್ ಫ್ಲೋಟ್ (ದಶಮಾಂಶ ಸಂಖ್ಯೆ ಇಡುವ ರೂಪ) ಬಿಡದೆ ಎಣಿಸಬಲ್ಲ ಪೂರ್ಣಾಂಕಗಳ ಮಿತಿಯೂ ಅಷ್ಟೇ. ಝೂಮ್ 18ಕ್ಕೆ ಹೋದರೆ ಜಗತ್ತಿನ ಬಲ ಅಂಚಿನತ್ತ ಗುರುತು ನಾಲ್ಕು ನಾಲ್ಕು ಪಿಕ್ಸೆಲ್ ಕುಪ್ಪಳಿಸುತ್ತದೆ. ಸ್ಕ್ರಾಲ್ ಕಳೆಯುವುದನ್ನು 64 ಬಿಟ್‌ನ ಡಬಲ್‌ನಲ್ಲಿ ಮುಗಿಸಿ, ಉಳಿದ ಚಿಕ್ಕ ಅಂಕಿಯನ್ನು ಮಾತ್ರ ಫ್ಲೋಟ್‌ಗೆ ಇಳಿಸಿ.

ಪರೀಕ್ಷೆಗೆ ನಕ್ಷೆಯ ನಡುವೆ ಕ್ಲಿಕ್ ಮಾಡಿ ನೋಡಿದರೆ ಸಾಲದು. ನಾಲ್ಕೂ ಮೂಲೆಗಳಲ್ಲಿ ಗುರುತಿಡಿ, ಝೂಮ್ ಬದಲಿಸಿ, ಕಿಟಕಿಯನ್ನು ಹಿಗ್ಗಿಸಿ ಕುಗ್ಗಿಸಿ. ಕಿಟಕಿ ನಕ್ಷೆಗಿಂತ ದೊಡ್ಡದಾಗಿ ನಕ್ಷೆಯನ್ನು ನಡುವೆ ಕೂರಿಸಿದಾಗ ಸುತ್ತ ಉಳಿಯುವ ಖಾಲಿ ಅಂಚನ್ನು ಲೆಕ್ಕಕ್ಕೆ ಸೇರಿಸಲು ಬಹಳಷ್ಟು ಕೋಡ್ ಮರೆತಿರುತ್ತದೆ.