17 ಬಾಕ್ಸ್ ಟೈಲ್ಸ್

ಅಡುಗೆಮನೆ ಗೋಡೆಯ ಬಣ್ಣ ಉಬ್ಬಿ ಉದುರೋಕೆ ಶುರುವಾಗಿತ್ತು. "ಪಕ್ಕದ ಬಾತ್‌ರೂಮಿಂದ ನೀರು ಇಳೀತಿದೆ ಕಣೋ, ಮಳೆಗಾಲಕ್ಕೆ ಮುಂಚೆ ಮಾಡಿಸಿಬಿಡು" ಅಂದರು ಅಮ್ಮ. ತುಮಕೂರಿನ ಈ ಮನೆ ಕಟ್ಟಿದ್ದು 1994ರಲ್ಲಿ. ಬಾತ್‌ರೂಮ್ ಇರೋದೇ 5 ಅಡಿಗೆ 7 ಅಡಿ. ಮಹಾ ಎಷ್ಟಾದೀತು ಅಂತ ನೋಟ್‌ಬುಕ್ ಹಿಡಿದು ಕೂತೆ.

ಸುತ್ತಳತೆ 24 ಅಡಿ, ಎತ್ತರ 7 ಅಡಿ, ಒಟ್ಟು 168 ಚದರಡಿ. ಬಾಗಿಲು ಕಳೆದರೆ 150. ಬಾಕ್ಸಿಗೆ 9 ಚದರಡಿಯಂತೆ ಗೋಡೆಗೆ 17 ಬಾಕ್ಸ್ ಟೈಲ್ಸ್. ನೆಲ, ನಲ್ಲಿ, ಕೂಲಿ ಸೇರಿ 70 ಸಾವಿರ. ಶೇಕಡಾ 10 ಜಾಸ್ತಿ ತಗೊಳ್ಳಿ ಅಂತ ಅಂಗಡಿಯವರು ಅಂದರು. ವ್ಯಾಪಾರದ ಮಾತು ಅಂತ ನಾನು ಕಿವಿಗೇ ಹಾಕಿಕೊಳ್ಳಲಿಲ್ಲ.

ಮೇಸ್ತ್ರಿ ನನ್ನ ಲೆಕ್ಕ ನೋಡಿ ನಕ್ಕರು. "ಒಡೆದ್ಮೇಲೇ ಗೊತ್ತಾಗೋದು ಸಾರ್."

ಎರಡನೇ ದಿನವೇ ಗೊತ್ತಾಯಿತು. ಗೋಡೆಯೊಳಗಿನ ಕಬ್ಬಿಣದ ಪೈಪನ್ನು ಮುಟ್ಟಿದರೆ ತುಕ್ಕು ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ತುಂಡು ಮಾಡಿ ತೋರಿಸಿದರು. ಒಳಗೆ ಪೆನ್ಸಿಲ್ ತೂರುವಷ್ಟು ಮಾತ್ರ ಜಾಗ. ನಲ್ಲಿಯಲ್ಲಿ ನೀರು ಸಣ್ಣಗೆ ಬರ್ತಿದ್ದಕ್ಕೆ ಇಷ್ಟು ವರ್ಷ ಟ್ಯಾಂಕನ್ನು ಬೈದಿದ್ದೆವಲ್ಲ! ಟ್ಯಾಂಕಿನಿಂದ ಇಳಿಯೋ ಲೈನನ್ನೆಲ್ಲ ತೆಗೆದು ಸಿಪಿವಿಸಿ ಅನ್ನೋ ಪ್ಲಾಸ್ಟಿಕ್ ಪೈಪ್ ಹಾಕಿಸಿದ್ದಾಯಿತು. ಪ್ಲಂಬರ್ ಕೂಲಿ ಬೇರೆ. ಗೇಟಿನ ಮುಂದೆ ಗುಡ್ಡೆ ಬಿದ್ದ ಕಲ್ಲುಮಣ್ಣು ಸಾಗಿಸೋ ಬಾಡಿಗೆಯಂತೂ ನನ್ನ ಪಟ್ಟಿಯಲ್ಲೇ ಇರಲಿಲ್ಲ. ವಾಟರ್‌ಪ್ರೂಫಿಂಗ್ ಆದ ಮೇಲೆ ನೀರು ಕಟ್ಟಿ ಎರಡು ದಿನ ಬಿಟ್ಟರು. ಅಷ್ಟೂ ದಿನ ಟವೆಲ್ ಹೆಗಲ ಮೇಲೆ ಹಾಕ್ಕೊಂಡು ಪಕ್ಕದ ಮನೆಗೆ ಓಡಾಟ.

ಕೊನೆಗೆ ಟೈಲ್ಸೂ ಸಾಲಲಿಲ್ಲ. ಮೂಲೆಗೆ ಕತ್ತರಿಸಿದ್ದು, ನಲ್ಲಿಗೆ ತೂತು ಹೊಡೆಯುವಾಗ ಸೀಳಿದ್ದು, ಹೀಗೆ ಎರಡು ಬಾಕ್ಸ್ ಕಮ್ಮಿ. ಅದೇ ಡಿಸೈನ್ ಸಿಕ್ಕಿತು, ಆದರೆ ಬ್ಯಾಚ್ ಬೇರೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡಿದ್ದು ಮನೆಗೆ ತಂದರೆ ಒಂಚೂರು ಹಳದಿ.

ಒಟ್ಟು 1,12,000 ರೂಪಾಯಿ. ಕೊನೆಯ ಕಂತು ಅಮ್ಮನ ಚೀಟಿ ದುಡ್ಡಿಂದ ಹೋಯಿತು.

ಮೇಸ್ತ್ರಿ ಜಾಣರು, ಆ ಹಳದಿ ಟೈಲ್ಸನ್ನು ಬಾಗಿಲ ಹಿಂದಿನ ಮೂಲೆಗೆ ಹಾಕಿದ್ದಾರೆ. ನೆಂಟರು ಬರ್ತಾರೆ ಅಂದರೆ ಸಾಕು, ಅಮ್ಮ ದೊಡ್ಡ ಬಕೆಟನ್ನು ಎಳೆದು ಅಲ್ಲಿ ನಿಲ್ಲಿಸ್ತಾರೆ.