ಮಂಡಿ ನೋವಿನ ಭಾನುವಾರ

2017ರ ಸೆಪ್ಟೆಂಬರ್ 24, ನವರಾತ್ರಿಯ ನಾಲ್ಕನೆಯ ದಿನ. ಬೆಳಿಗ್ಗೆ ಅಮೆರಿಕದ ಪಿಟ್ಸ್‌ಬರ್ಗ್ ಬಳಿಯ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿದ್ದೆವು. ದರ್ಶನ ಮುಗಿಸಿ ಪುಳಿಯೋಗರೆಯ ತಟ್ಟೆ ಹಿಡಿದು ಕುಳಿತರೆ, ಎದುರಿಗಿದ್ದ ಹುಡುಗನೊಬ್ಬ ಮೊಬೈಲ್ ಚಾಚಿ ತೋರಿಸಿದ. ಲಂಡನ್ನಿನ ವೆಂಬ್ಲಿಯಲ್ಲಿ ಆಗಲೇ ಅಮೆರಿಕನ್ ಫುಟ್‌ಬಾಲ್ ಲೀಗಿನ ಅಂದಿನ ಮೊದಲ ಪಂದ್ಯ ನಡೆದಿತ್ತು. ರಾಷ್ಟ್ರಗೀತೆಯ ಹೊತ್ತಿಗೆ ಎರಡೂ ತಂಡಗಳ ಹಲವು ಆಟಗಾರರು ಒಂದು ಮಂಡಿ ಊರಿ ಕುಳಿತಿದ್ದರು. ಹುಡುಗನಿಗೆ ಸಂಭ್ರಮ. ನನಗೆ ಬಾಯಲ್ಲಿದ್ದ ತುತ್ತು ಹುಳಿ ಎನ್ನಿಸಿತು. ಮಧ್ಯಾಹ್ನ ಒಂದು ಗಂಟೆಗೆ ನಮ್ಮವರ ಆಟವಿತ್ತು, ಶಿಕಾಗೋದಲ್ಲಿ.

ನಮ್ಮವರು ಎಂದರೆ ಪಿಟ್ಸ್‌ಬರ್ಗ್ ಸ್ಟೀಲರ್ಸ್. ಇಲ್ಲಿ ಫುಟ್‌ಬಾಲ್ ಎಂದರೆ ಕಾಲಿನ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವುದು, ಓಡುವವನನ್ನು ಹತ್ತು ಜನ ಸೇರಿ ಕೆಡವುವುದು. ಭದ್ರಾವತಿಯ ನನಗೆ ಇದರ ಹುಚ್ಚು ಹೇಗೆ ಹಿಡಿಯಿತು ಎಂದು ಊರಿಗೆ ಹೋದಾಗಲೆಲ್ಲ ಕೇಳುತ್ತಾರೆ. ಹಿಡಿದದ್ದು ಆಟದಿಂದಲ್ಲ, ಹೆಲ್ಮೆಟ್ಟಿನಿಂದ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ನಾನು ಓದಿದ್ದೂ ಲೋಹಶಾಸ್ತ್ರವೇ. 1988ರಲ್ಲಿ ಇಲ್ಲಿಗೆ ಬಂದಾಗ ಹೋಮ್‌ಸ್ಟೆಡ್‌ನ ದೈತ್ಯ ಉಕ್ಕಿನ ಕಾರ್ಖಾನೆ ಮುಚ್ಚಿ ಎರಡು ವರ್ಷವಾಗಿತ್ತು. ಊರೆಲ್ಲ ಕೆಲಸ ಕಳೆದುಕೊಂಡವರ ಮುಖಗಳು. ಆದರೆ ಭಾನುವಾರ ಬಂತೆಂದರೆ ಅದೇ ಜನ ಕಪ್ಪು ಹಳದಿ ತೊಟ್ಟು ಟಿವಿಯ ಮುಂದೆ ಕುಳಿತುಬಿಡುತ್ತಿದ್ದರು. ಆ ತಂಡದ ಹೆಲ್ಮೆಟ್ಟಿನ ಬಲಬದಿಯಲ್ಲಿ ಮಾತ್ರ ಒಂದು ಲಾಂಛನವಿದೆ, ಎಡಬದಿ ಬರೀ ಕಪ್ಪು. ಹಳದಿ, ಕಿತ್ತಳೆ, ನೀಲಿಯ ಮೂರು ನಕ್ಷತ್ರಗಳು: ಕಲ್ಲಿದ್ದಲು, ಕಬ್ಬಿಣದ ಅದಿರು, ಗುಜರಿ ಉಕ್ಕು. ಇದು ನಮ್ಮಪ್ಪನ ಶಿಫ್ಟಿನ ಲಾಂಛನವಲ್ಲವೇ ಎನ್ನಿಸಿತು. ಅಲ್ಲಿಗೆ ಮುಗಿಯಿತು.

ಆಟದ ದಿನ ಎದುರುಮನೆಯ ಹಿರಿಯರು ನಮ್ಮಲ್ಲಿಗೆ ಬರುವುದು ವಾಡಿಕೆ. ವಿಯೆಟ್ನಾಂ ಯುದ್ಧಕ್ಕೆ ಹೋಗಿಬಂದವರು, ಆಮೇಲೆ ಕಾರ್ಖಾನೆ ಮುಚ್ಚುವವರೆಗೂ ಅಲ್ಲೇ ದುಡಿದವರು. ಒಂದು ಮಂಡಿ ಪೂರ್ತಿ ಸವೆದಿದೆ. ಕೈಯಲ್ಲೊಂದು ಹಳದಿ ಟವೆಲ್ ಇದ್ದೇ ಇರುತ್ತದೆ. 1975ರಲ್ಲಿ ಇಲ್ಲಿನ ವೀಕ್ಷಕ ವಿವರಣೆಕಾರ ಮೈರನ್ ಕೋಪ್ ಹುಟ್ಟುಹಾಕಿದ ಟವೆಲ್ ಅದು. ಮುಂದೆ ಅದರ ಹಕ್ಕನ್ನು ಅವರು ತಮ್ಮ ಮಗ ಇದ್ದ ವಿಶೇಷಚೇತನರ ಶಾಲೆಗೇ ಬರೆದುಕೊಟ್ಟರು. ಅದನ್ನು ತಲೆಯ ಮೇಲೆ ಗಿರಗಿರ ತಿರುಗಿಸುವುದು ಕ್ರೀಡಾಂಗಣದ ಪದ್ಧತಿ. ನಮ್ಮ ಮನೆಯಲ್ಲಿ ಮಾತ್ರ ಹಿರಿಯರು ಅದನ್ನು ಮಂಡಿಯ ಮೇಲೆ ಹರಡಿಕೊಂಡು, ಚಕ್ಕುಲಿಯ ಪುಡಿ ಸೋಫಾಕ್ಕೆ ಬೀಳದ ಹಾಗೆ ನೋಡಿಕೊಳ್ಳುತ್ತಾರೆ.

ಅಂದು ಹಜಾರದ ಅರ್ಧ ಭಾಗ ನನ್ನ ಹೆಂಡತಿಯ ಐದು ಮೆಟ್ಟಿಲಿನ ಬೊಂಬೆಗಳಿಗೆ ಹೋಗಿತ್ತು. ಮೇಲೆ ಪಟ್ಟದ ಬೊಂಬೆಗಳು; ಕೊನೆಯ ಮೆಟ್ಟಿಲಲ್ಲಿ ಚನ್ನಪಟ್ಟಣದ ಬಂಡಿಯ ಪಕ್ಕ ಕಪ್ಪು ಹೆಲ್ಮೆಟ್ಟಿನ ಒಬ್ಬ ಆಟಗಾರ, ಮಗಳು ಚಿಕ್ಕಂದಿನಲ್ಲಿ ಇಟ್ಟದ್ದು, ಯಾರೂ ತೆಗೆದಿರಲಿಲ್ಲ. ಉಳಿದರ್ಧದಲ್ಲಿ ಟಿವಿ, ಸೋಫಾ, ನಾವು. ಸಂಜೆ ಕುಂಕುಮಕ್ಕೆ ಹೆಂಗಸರು ಬರುವಷ್ಟರಲ್ಲಿ ಆಟ ಮುಗಿದಿರಬೇಕು ಎಂಬ ಷರತ್ತಿತ್ತು.

"ಒಂದು ಗಂಟೆಯ ಆಟ ಎನ್ನುತ್ತೀರಿ, ನಾಲ್ಕು ಗಂಟೆಗೂ ಮುಗಿಯುವುದಿಲ್ಲವಲ್ಲ" ಎಂದು ಹೆಂಡತಿ ಕೇಳುವುದರಲ್ಲಿ ತಪ್ಪಿಲ್ಲ. ಮೂರು ಗಂಟೆಯ ಪ್ರಸಾರದಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು 11 ನಿಮಿಷ ಎಂದು ಯಾರೋ ಗಡಿಯಾರ ಹಿಡಿದು ಲೆಕ್ಕ ಹಾಕಿದ್ದಾರೆ. ಉಳಿದದ್ದೆಲ್ಲ ಟ್ರಕ್ಕು, ಬಿಯರು, ಮೊಣಕಾಲಿನ ಔಷಧ, ಸೂಟು ತೊಟ್ಟ ಮಾಜಿ ಆಟಗಾರರ ಹರಟೆ. ಅದನ್ನೂ ನಾನು ಸಹಿಸಿಕೊಂಡೇ ಬಂದಿದ್ದೆ. ಟ್ರಕ್ಕು ಮಾರುವವನು ನನ್ನ ಮತ ಕೇಳುವುದಿಲ್ಲ.

ನನ್ನ ಮತದ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ನಾನು ಸಂಪ್ರದಾಯವಾದಿ. ತೆರಿಗೆ ಕಡಿಮೆ ಇರಬೇಕು, ಮಕ್ಕಳು ತಂದೆತಾಯಿಯ ಮಾತು ಕೇಳಬೇಕು, ಚೆನ್ನಾಗಿ ನಡೆಯುತ್ತಿರುವುದನ್ನು ಕೆಡಿಸುವ ಮೊದಲು ನೂರು ಸಲ ಯೋಚಿಸಬೇಕು ಎನ್ನುವವನು. 2016ರಲ್ಲಿ ಯಾರಿಗೆ ಮತ ಹಾಕಿದೆ ಎಂದು ಮನೆಯಲ್ಲೂ ಬಾಯಿ ಬಿಡಲಿಲ್ಲ, ಬಿಡದಿದ್ದರೂ ಗೊತ್ತಾಗಿತ್ತು. ಮಗಳು ಎರಡು ವಾರ ಫೋನಿನಲ್ಲಿ ಹವಾಮಾನ ಬಿಟ್ಟು ಬೇರೆ ಮಾತಾಡಲಿಲ್ಲ.

ಈ ಮಂಡಿ ಊರುವ ವಿಚಾರ ಶುರುವಾದದ್ದೂ ಅದೇ ವರ್ಷ. ಸ್ಯಾನ್ ಫ್ರಾನ್ಸಿಸ್ಕೊ ತಂಡದ ಕಾಲಿನ್ ಕೆಪರ್ನಿಕ್, ಕರಿಯರ ಮೇಲೆ ಪೊಲೀಸರು ನಡೆಸುವ ದೌರ್ಜನ್ಯವನ್ನು ಪ್ರತಿಭಟಿಸಿ ಮೊದಲು ರಾಷ್ಟ್ರಗೀತೆಗೆ ಏಳದೆ ಕುಳಿತ. ಆಮೇಲೆ ಮಾಜಿ ಸೈನಿಕನೊಬ್ಬನ ಜತೆ ಮಾತಾಡಿ, ಕುಳಿತುಕೊಳ್ಳುವ ಬದಲು ಮಂಡಿ ಊರತೊಡಗಿದ. ಅವರ ದೂರು ಸುಳ್ಳು ಎಂದು ನಾನು ಹೇಳುವುದಿಲ್ಲ. ದೂರು ಹೇಳುವ ಹೊತ್ತು ಅದಲ್ಲ ಎಂದಷ್ಟೇ ಅಂದೂ ಹೇಳಿದೆ, ಇಂದೂ ಹೇಳುತ್ತೇನೆ. 2017ರ ಸೆಪ್ಟೆಂಬರ್ ಹೊತ್ತಿಗೆ ಮಂಡಿ ಊರುವವರು ಬೆರಳೆಣಿಕೆಯಷ್ಟಿದ್ದರು. ಬಿಟ್ಟಿದ್ದರೆ ತಾನಾಗಿ ತಣ್ಣಗಾಗುತ್ತಿತ್ತೇನೋ. 22ರ ಶುಕ್ರವಾರ ಅಧ್ಯಕ್ಷ ಟ್ರಂಪ್ ಅಲಬಾಮಾದ ಹಂಟ್ಸ್‌ವಿಲ್‌ನ ಸಭೆಯಲ್ಲಿ, ಅಂಥವರನ್ನು ಮಾಲೀಕರು ಮೈದಾನದಿಂದ ಹೊರಗಟ್ಟಬೇಕು ಎಂದರು. ಅಷ್ಟು ಅಂದಿದ್ದರೂ ಆಗುತ್ತಿತ್ತು. ತಾಯಿಯನ್ನು ಎಳೆತರುವ ಬೈಗುಳವನ್ನೂ ಸೇರಿಸಿದರು. ಆ ಮಾತನ್ನು ನನ್ನ ಅಪ್ಪನ ಮುಂದೆ ಆಡಿದ್ದರೆ ಅಧ್ಯಕ್ಷನಾದರೂ ಜಗಲಿ ಇಳಿಯಬೇಕಾಗುತ್ತಿತ್ತು. ಎರಡು ದಿನ ಟಿವಿಗೆ ಹಬ್ಬ. ಬೇರೆ ದಿನಗಳಲ್ಲಿ ರಾಷ್ಟ್ರಗೀತೆಯ ಹೊತ್ತಿಗೆ ಜಾಹೀರಾತು ಹಾಕುವ ಚಾನೆಲ್‌ಗಳು ಭಾನುವಾರ ಯಾರು ನಿಲ್ಲುತ್ತಾರೆ, ಯಾರು ಕೂರುತ್ತಾರೆ ಎಂದು ಕ್ಯಾಮೆರಾ ಸಜ್ಜು ಮಾಡಿಕೊಂಡು ಕಾದಿದ್ದವು.

ಸ್ಟೀಲರ್ಸ್ ಏನು ಮಾಡುತ್ತಾರೆ? ಆಟಕ್ಕೆ ಸ್ವಲ್ಪ ಮುಂಚೆ ತರಬೇತುದಾರ ಮೈಕ್ ಟಾಮ್ಲಿನ್ ಹೇಳಿದರು: ನಮ್ಮವರು ರಾಷ್ಟ್ರಗೀತೆಯ ಹೊತ್ತಿಗೆ ಮೈದಾನಕ್ಕೇ ಬರುವುದಿಲ್ಲ; ಅಗೌರವಕ್ಕಲ್ಲ, ಈ ರಾಜಕೀಯವೇ ನಮಗೆ ಬೇಡ ಎಂದು. ಹಿರಿಯರ ಮುಖ ಕೆಂಪಾಯಿತು. "ಬರುವುದಿಲ್ಲ ಎಂದರೆ?" ಎಂದರು.

ಗೀತೆ ಆರಂಭವಾಯಿತು. ನಾನು ಎದ್ದು ನಿಂತೆ. ಸ್ವಂತ ಹಜಾರದಲ್ಲಿ, ಲುಂಗಿ ಉಟ್ಟುಕೊಂಡು, ಎಡಗೈಯಲ್ಲಿ ಚಕ್ಕುಲಿ ಹಿಡಿದು ನಿಂತವನನ್ನು ನೋಡಿ ಮಗಳಿಗೆ ನಗು ಬಂತು. ಇಲ್ಲಿಯವರು ಬಲಗೈಯನ್ನು ಎದೆಯ ಮೇಲಿಡುತ್ತಾರೆ. ನಾನೂ ಪೌರತ್ವದ ಪ್ರಮಾಣದ ದಿನ ಇಟ್ಟವನೇ. ಆದರೆ ಯೋಚಿಸದೆ ನಿಂತಾಗ ನನ್ನ ಕೈ ಎದೆಗೆ ಹೋಗುವುದಿಲ್ಲ, ತೊಡೆಯ ಪಕ್ಕಕ್ಕೇ ಅಂಟಿಕೊಳ್ಳುತ್ತದೆ. ಆಗಸ್ಟ್ ಹದಿನೈದರ ಪೆರೇಡಿನಲ್ಲಿ ಡ್ರಿಲ್ ಮೇಷ್ಟ್ರು ಕಲಿಸಿದ ನಿಲುವು ಅದು.

ಪಕ್ಕದಲ್ಲಿ ಹಿರಿಯರು ಏಳಲು ಹೆಣಗುತ್ತಿದ್ದರು. ನಮ್ಮ ಸೋಫಾ ತಗ್ಗು; ಒಳಗೆ ಹೂತ ಮನುಷ್ಯನನ್ನು ಸುಲಭಕ್ಕೆ ಬಿಡುವುದಿಲ್ಲ. ಎರಡು ಸಲ ಎದ್ದಂತೆ ಮಾಡಿ ಎರಡು ಸಲ ಕುಸಿದರು. ಟವೆಲ್ ಕೆಳಗೆ ಬಿತ್ತು. ಗೀತೆ ಮುಗಿದುಹೋಗುತ್ತದೆ ಎಂಬ ಗಾಬರಿ ಆ ಕಣ್ಣುಗಳಲ್ಲಿತ್ತು. ಆ ತುದಿಯಲ್ಲಿ ಕಾಲು ಮೇಲಿಟ್ಟುಕೊಂಡು, ಏಳುವುದಿಲ್ಲ ಎಂದು ಮೊದಲೇ ಸಾರಿದ್ದ ನನ್ನ ಮಗಳು ಸರಕ್ಕನೆ ಎದ್ದು ಅವರ ತೋಳಿಗೆ ತನ್ನ ಹೆಗಲು ಕೊಟ್ಟಳು. ಅವರು ಎದ್ದು ಅವಳಿಗೆ ಒರಗಿಕೊಂಡೇ ಕೈಯನ್ನು ಎದೆಯ ಮೇಲಿಟ್ಟರು. ಅವಳು ಸರಿದರೆ ಅವರು ಬೀಳುತ್ತಿದ್ದರು. ಹಾಗಾಗಿ ಕೊನೆಯವರೆಗೂ ನಿಂತಳು.

ಟಿವಿಯಲ್ಲಿ ಸ್ಟೀಲರ್ಸ್ ಬದಿ ಖಾಲಿ. ಕ್ಯಾಮೆರಾ ಆಟಗಾರರು ಮೈದಾನಕ್ಕೆ ಬರುವ ಸುರಂಗದ ಬಾಯಿಗೆ ಹೋಯಿತು. ಅಲ್ಲಿ ಒಬ್ಬನೇ ಒಬ್ಬ, ಆರಡಿ ಒಂಬತ್ತು ಅಂಗುಲದ ಆಳು, 78ನೇ ನಂಬರಿನ ಅಲೆಹಾಂಡ್ರೊ ವಿಲನುಯೇವಾ, ಎದೆಯ ಮೇಲೆ ಕೈಯಿಟ್ಟು ನಿಂತಿದ್ದ. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಓದಿ, ಸೇನೆಯ ರೇಂಜರ್ ಆಗಿ ಮೂರು ಸಲ ಅಫ್ಘಾನಿಸ್ತಾನಕ್ಕೆ ಹೋಗಿ, ಬ್ರಾಂಜ್ ಸ್ಟಾರ್ ಪದಕ ಪಡೆದು ಬಂದವನು. ಹಿರಿಯರ ಗಂಟಲಿನಿಂದ ಒಂದು ಸದ್ದು ಬಂತು.

ಗೀತೆ ಮುಗಿದ ಮೇಲೆ ಮಗಳಿಗೆ ಕನ್ನಡದಲ್ಲಿ ಕೆಣಕಿದೆ: "ಅಂತೂ ನಿಂತೆಯಲ್ಲ."

"ಅಪ್ಪ, ನಾನು ನಿಂತದ್ದು ಅವರ ಮಂಡಿಗೆ. ಹಾಡಿಗಲ್ಲ."

ಉತ್ತರ ಹೊಳೆಯಲಿಲ್ಲ. ಇಂದಿಗೂ ಹೊಳೆದಿಲ್ಲ.

ಹಿರಿಯರು ಆಟ ನೋಡುವ ಸ್ಥಿತಿಯಲ್ಲಿರಲಿಲ್ಲ. ಮೊದಲ ಅರ್ಧ ಮುಗಿಯುವ ಮುನ್ನವೇ ಟವೆಲ್ ಮಡಿಚಿ, ಹೆಂಡತಿಗೆ ಕೈಮುಗಿದು ಹೊರಟುಬಿಟ್ಟರು. ನಮ್ಮಲ್ಲಿ ಕಲಿತ ನಮಸ್ಕಾರ. ಹೋದ ಮೇಲೆ ಆದದ್ದನ್ನು ಅವರು ನೋಡಬೇಕಿತ್ತು. ನಮ್ಮವರು ಒದ್ದ ಚೆಂಡನ್ನು ತಡೆದು ಶಿಕಾಗೋದವನೊಬ್ಬ ಅದನ್ನೆತ್ತಿಕೊಂಡು ಓಡಿದ. ಅಡ್ಡ ಯಾರೂ ಇಲ್ಲ. ಅಂಕ ಸಿಗುವ ಗೆರೆಗೆ ಇನ್ನೇನು ಎರಡು ಹೆಜ್ಜೆ ಎನ್ನುವಾಗ ಜಂಬದಿಂದ ನಿಧಾನಿಸಿದ. ಹಿಂದಿನಿಂದ ಓಡಿಬಂದ ನಮ್ಮವನು ಚೆಂಡನ್ನು ಗುದ್ದಿ ಕೆಡವಿದ. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅಂಥ ಪೆದ್ದುತನ ನೋಡಿರಲಿಲ್ಲ. ಹಿರಿಯರು ಇದ್ದಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದರು. ಒಬ್ಬನೇ ನಗುವುದು ಕಷ್ಟ. ಹೆಚ್ಚುವರಿ ಅವಧಿಯಲ್ಲಿ 23-17ರಿಂದ ಸೋತೆವು. ಟಿವಿಯಲ್ಲಿ ಸೋಲಿನ ಬಗ್ಗೆ ಹೆಚ್ಚಿನ ಮಾತೇ ಇಲ್ಲ. ಸುರಂಗ, ಸುರಂಗ, ಸುರಂಗ.

ಭದ್ರಾವತಿಯ ಟಾಕೀಸಿನಲ್ಲಿ ಆಗೆಲ್ಲ ಸಿನಿಮಾ ಮುಗಿದ ಮೇಲೆ ಜನಗಣಮನ ಹಾಕುತ್ತಿದ್ದರು. ತೆರೆಯ ಮೇಲೆ ಬಾವುಟ ಬಂದ ಕೂಡಲೇ ಅರ್ಧ ಜನ ಸೈಕಲ್ ಸ್ಟ್ಯಾಂಡಿನತ್ತ ದೌಡು. ಒಮ್ಮೆ ನಾನೂ ಹೊರಟಿದ್ದೆ. ಅಪ್ಪ ಮುಂಗೈ ಹಿಡಿದು ನಿಲ್ಲಿಸಿ, "52 ಸೆಕೆಂಡ್ ನಿಂತರೆ ನಿನ್ನ ಸೈಕಲ್ ಓಡಿಹೋಗುವುದಿಲ್ಲ" ಎಂದರು. ನನ್ನ ಪಾಲಿಗೆ ಕಾಯ್ದೆ ಎಂದರೆ ಅಷ್ಟೇ. 2016ರ ನವೆಂಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಎಲ್ಲ ಚಿತ್ರಮಂದಿರಗಳಲ್ಲೂ ರಾಷ್ಟ್ರಗೀತೆ ಹಾಕಲೇಬೇಕು, ಎಲ್ಲರೂ ನಿಲ್ಲಲೇಬೇಕು ಎಂದಾಗ, ಸಂಪ್ರದಾಯವಾದಿಯಾದ ನಾನು ಕುಣಿಯಬೇಕಿತ್ತು. ಯಾಕೋ ಕಸಿವಿಸಿಯಾಯಿತು. 2018ರ ಜನವರಿಯಲ್ಲಿ ನ್ಯಾಯಾಲಯವೇ ಅದನ್ನು ಐಚ್ಛಿಕ ಮಾಡಿತು. ಅಮೆರಿಕದ ಸುಪ್ರೀಂ ಕೋರ್ಟ್ ಅಂತೂ ಮಹಾಯುದ್ಧದ ನಡುವೆಯೇ, 1943ರಲ್ಲಿ, ಶಾಲೆಯ ಮಕ್ಕಳಿಗೆ ಬಾವುಟವಂದನೆಯ ಬಲವಂತ ಕೂಡದು ಎಂದಿದೆ. ಅಪ್ಪ ಹಿಡಿದ ಮುಂಗೈಗೂ ಪೊಲೀಸ್ ಹಿಡಿದ ಮುಂಗೈಗೂ ವ್ಯತ್ಯಾಸವಿದೆ. ನಮ್ಮ ಪಕ್ಷದ ಕೆಲವರಿಗೆ ಅದು ತಿಳಿಯುವುದಿಲ್ಲ.

ಇನ್ನೊಂದನ್ನೂ ಹೇಳಬೇಕು; ನಮ್ಮ ಕಡೆಯವರಿಗೆ ರುಚಿಸದ ಮಾತು. 2015ರಲ್ಲಿ ಸೆನೆಟರ್ ಜಾನ್ ಮೆಕೇನ್ ಮತ್ತು ಜೆಫ್ ಫ್ಲೇಕ್, ಇಬ್ಬರೂ ರಿಪಬ್ಲಿಕನ್ನರೇ, ಒಂದು ವರದಿ ತಂದರು. ಆಟದ ಮೈದಾನಗಳಲ್ಲಿ ಸೈನಿಕರನ್ನು ನಿಲ್ಲಿಸಿ ಮಾಡುವ ಸನ್ಮಾನ, ಬೃಹತ್ ಬಾವುಟದ ಮೆರವಣಿಗೆ ಇವುಗಳಿಗೆ ರಕ್ಷಣಾ ಇಲಾಖೆ ತಂಡಗಳಿಗೆ ಹಣ ತೆತ್ತಿತ್ತು: ನಾಲ್ಕು ವರ್ಷದಲ್ಲಿ ಸುಮಾರು 68 ಲಕ್ಷ ಡಾಲರ್. ನಾನು ಕಣ್ಣೊರೆಸಿಕೊಂಡು ನೋಡಿದ ಎಷ್ಟು ದೃಶ್ಯಗಳಿಗೆ ರಸೀದಿ ಇತ್ತೋ. ಮಂಡಿ ಊರಿದವನಿಗೆ ಕಡೇಪಕ್ಷ ಯಾರೂ ದುಡ್ಡು ಕೊಟ್ಟಿರಲಿಲ್ಲ.

ಸೋಮವಾರ ವಿಲನುಯೇವಾ ಪತ್ರಕರ್ತರ ಮುಂದೆ ಬಂದ. ಒಂದೇ ದಿನದಲ್ಲಿ ಅವನ ಅಂಗಿ ಇಡೀ ಲೀಗಿನಲ್ಲೇ ಅತಿ ಹೆಚ್ಚು ಮಾರಾಟವಾಗಿತ್ತು. ಅವನು ಮಾತ್ರ ತಲೆತಗ್ಗಿಸಿ ಕ್ಷಮೆ ಕೇಳಿದ. ಬಾವುಟ ಕಾಣಲಿ ಎಂದು ಸ್ವಲ್ಪ ಮುಂದೆ ಬಂದೆ, ಅಷ್ಟರಲ್ಲಿ ಗೀತೆ ಶುರುವಾಯಿತು, ಹಿಂದೆ ಸರಿಯಲು ಮನಸ್ಸು ಒಪ್ಪಲಿಲ್ಲ. ಜತೆಗಾರರನ್ನು ಬಿಟ್ಟುಕೊಟ್ಟಂತಾಯಿತು, ಆ ಚಿತ್ರ ನೋಡಿದಾಗಲೆಲ್ಲ ನಾಚಿಕೆಯಾಗುತ್ತದೆ ಎಂದ. ಕೋಣಗಳೆರಡು ಹೋರಾಡಿದರೆ ಗಿಡಕ್ಕೆ ಆಪತ್ತು ಎನ್ನುತ್ತಾರಲ್ಲ, ಆ ಗಿಡ ಆರಡಿ ಒಂಬತ್ತು ಅಂಗುಲವಿತ್ತು. ಯಾವ ಬದಿಯೂ ಬೇಡ ಎಂದು ಸುರಂಗದಲ್ಲಿ ಉಳಿದ ತಂಡಕ್ಕೆ ಎರಡೂ ಬದಿಯವರಿಂದ ಬೈಗುಳ. ಬಾಗಿಲು ಹಾಕಿಕೊಂಡು ಕೂರುವುದೂ ಒಂದು ಪಕ್ಷವೆಂದು ಟಿವಿ ತೀರ್ಪು ಕೊಟ್ಟಿತು. ಅಂದು ಇಡೀ ದೇಶದಲ್ಲಿ ನನ್ನ ಮನಸ್ಸಿನಂತೆ ನಡೆದುಕೊಂಡವರು ಟಾಮ್ಲಿನ್ ಒಬ್ಬರೇ ಎಂದು ನನಗೆ ಹೊಳೆಯಲು ಎರಡು ದಿನ ಹಿಡಿಯಿತು. ಭಾನುವಾರ ಅವರನ್ನು ನಾನೂ ಬೈದಿದ್ದೆ.

ಮುಂದಿನ ಭಾನುವಾರ ಅಕ್ಟೋಬರ್ 1, ಬಾಲ್ಟಿಮೋರ್ ವಿರುದ್ಧ ಆಟ. ಬೊಂಬೆಗಳು ಹಿಂದಿನ ದಿನದ ವಿಜಯದಶಮಿ ಮುಗಿಸಿ ಪೆಟ್ಟಿಗೆ ಸೇರಲು ಕಾದಿದ್ದವು. ರಾಷ್ಟ್ರಗೀತೆಗೆ ಸ್ಟೀಲರ್ಸ್ ಎಲ್ಲರೂ ಮೈದಾನದಲ್ಲಿ ಸಾಲಾಗಿ ನಿಂತರು. ಸೋಫಾದ ಆ ಮೂಲೆ ಖಾಲಿ ಇತ್ತು. ಹತ್ತು ನಿಮಿಷ ಕಾದು, ಹೆಂಡತಿ ಕೊಟ್ಟ ಕೊಬ್ಬರಿ ಮಿಠಾಯಿ, ಚಕ್ಕುಲಿ ಹಿಡಿದು ರಸ್ತೆ ದಾಟಿದೆ.

ಗ್ಯಾರೇಜಿನ ಬಾಗಿಲು ತೆರೆದಿತ್ತು. ಹಿರಿಯರು ಮಡಿಚುವ ಕುರ್ಚಿಯಲ್ಲಿ ಕುಳಿತಿದ್ದರು; ಎದುರಿಗೆ ಹಳೆಯ ರೇಡಿಯೋ, ಅದರಲ್ಲಿ ಆಟ. ಆಗೆಲ್ಲ ಟಿಕೆಟ್ ಮಾರಾಟ ಕುಗ್ಗಬಾರದೆಂದು ತವರಿನ ಆಟವನ್ನು ತವರೂರಿನ ಟಿವಿಯಲ್ಲಿ ತೋರಿಸುತ್ತಿರಲಿಲ್ಲವಂತೆ. 1972ರ ಡಿಸೆಂಬರ್ 23ರಂದು ಫ್ರಾಂಕೊ ಹ್ಯಾರಿಸ್ ನೆಲಕ್ಕೆ ತಾಗಲಿದ್ದ ಚೆಂಡನ್ನು ಬಾಚಿಕೊಂಡು ಓಡಿ ಓಕ್ಲೆಂಡ್ ತಂಡವನ್ನು ಸೋಲಿಸಿದ ಆ ಪ್ರಸಿದ್ಧ ಗಳಿಗೆಯನ್ನು ತಾವು ಕೇಳಿದ್ದೂ ಇದೇ ಗ್ಯಾರೇಜಿನಲ್ಲಿ, ರೇಡಿಯೋದಲ್ಲಿ ಎಂದು ಹಿಂದೆ ಒಮ್ಮೆ ಹೇಳಿದ್ದರು.

"ಎಲ್ಲರೂ ನಿಂತರು" ಎಂದೆ.

ಕೇಳಿಸದವರಂತೆ ತುಟಿಯ ಮೇಲೆ ಬೆರಳಿಟ್ಟು ರೇಡಿಯೋ ತೋರಿಸಿದರು. ಮೂಲೆಯಲ್ಲಿದ್ದ ಬಣ್ಣದ ಡಬ್ಬಿಯನ್ನು ಕಾಲಿನಿಂದ ನನ್ನತ್ತ ತಳ್ಳಿದರು. ಅದರ ಮೇಲೆ ಕುಳಿತೆ. ಟವೆಲನ್ನು ಇಬ್ಬರ ಮಂಡಿಯ ನಡುವೆ ಹರಡಿ ತಟ್ಟೆಯಿಟ್ಟೆವು.